ಕೈಗೆ ಸಿಕ್ಕವನ ಎದುರು ಸೈನಿಕ

ನಮ್ಮ ಕಡೆಯ ಹುಡುಗರು ಸೈನ್ಯದ ಭರ್ತಿಗೆ ತಯಾರಾಗಲು ಬೆಳಗಿನ ಜಾವ ಇಕ್ಕೇರಿ ರಸ್ತೆಯಲ್ಲಿ ಓಡುತ್ತಾರೆ. ಮಳೆಗಾಲ ಕಳೆದು ರಸ್ತೆಯಂಚಿನ ಪಾಚಿ ಒಣಗಿತೆಂದರೆ ನಾನೂ ಗಡಿಯಾರ ಹಿಡಿದು ಹೋಗಿ ನಿಲ್ಲುತ್ತೇನೆ. 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ತಿ ಅಂಕ. ಆಮೇಲೆ 10 ಪುಲ್‌ಅಪ್, 9 ಅಡಿಯ ಹಳ್ಳ ಹಾರುವುದು. 2022ರಲ್ಲಿ ಅಗ್ನಿಪಥ ಬಂದ ಮೇಲೆ ಹುಡುಗರ ಲೆಕ್ಕ ಬದಲಾಗಿದೆ: ನಾಲ್ಕು ವರ್ಷದ ನೌಕರಿ, ಅದು ಮುಗಿದ ಮೇಲೆ ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನಿಗೆ ಮುಂದುವರಿಕೆ. ಆದರೂ ಓಡುವವರ ಸಂಖ್ಯೆ ಕಡಿಮೆಯಾಗಿಲ್ಲ.

ಅವರಲ್ಲೊಬ್ಬ ಒಂದು ದಿನ ದಣಿವಾರಿಸಿಕೊಳ್ಳುತ್ತ ಕೇಳಿದ: “ಮಾವ, ನಿಷ್ಠೆ, ಶಿಸ್ತು, ಧೈರ್ಯ, ತ್ಯಾಗ ಅಂತ ಪುಸ್ತಕದಲ್ಲಿ ಬರ್ದಿರ್ತಾರೆ. ಅಲ್ಲಿ ಹೇಳಿದ್ದನ್ನ ಮಾಡೋದೇ ಕೆಲಸ ಅಲ್ವಾ? ಹಂಗಾದ್ರೆ ಆ ಮೌಲ್ಯ ಎಲ್ಲ ಯಾರದ್ದು? ನಮ್ದಾ, ಹೇಳೋರದ್ದಾ?”

ಹಾರಿಕೆಯ ಉತ್ತರ ಕೊಟ್ಟು ಕಳಿಸುವ ಪ್ರಶ್ನೆಯಲ್ಲ ಇದು. ನಾನು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದು ಸುಬೇದಾರನಾಗಿ ಬಿಟ್ಟು ಬಂದವನು. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ನಮ್ಮ ಸೆಂಟರಿನಲ್ಲಿ ಕಸಂ ಪರೇಡಿನ ದಿನ ಗೀತೆಯ ಮೇಲೆ ಕೈಯಿಟ್ಟೆ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ನೆಲ ಜಲ ಆಕಾಶ ಯಾವ ದಾರಿಯಲ್ಲಿ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎಂದು ಪ್ರಮಾಣ ಮಾಡಿದೆ. ಅಂಗಿಯ ಒಳಗೆ, ಎದೆಯ ಮೇಲೆ, ಎರಡು ವಸ್ತುಗಳಿದ್ದವು. ಒಂದು ಸೈನ್ಯ ಕೊಟ್ಟ ನಂಬರಿನ ಬಿಲ್ಲೆ, ಇನ್ನೊಂದು ಹುಟ್ಟಿದಾಗ ಗುರುಗಳು ಕಟ್ಟಿದ ಇಷ್ಟಲಿಂಗ. ಇವೆರಡಕ್ಕೂ ಎಂದಾದರೂ ಜಗಳ ಬಂದರೆ ಯಾವ ಕಡೆ ನಿಲ್ಲಬೇಕು ಎಂದು ಸೆಂಟರಿನಲ್ಲೂ ಹೇಳಿಕೊಡಲಿಲ್ಲ, ಮಠದಲ್ಲೂ ಹೇಳಿಕೊಟ್ಟಿರಲಿಲ್ಲ.

ಸೈನ್ಯ ಸೇರಿದವನ ಕಿವಿಗೆ ಮೊದಲು ಬೀಳುವ ಮಾತು ನಾಮ್, ನಮಕ್, ನಿಶಾನ್. ಪಲ್ಟನ್ನಿನ ಹೆಸರು, ತಿಂದ ಉಪ್ಪು, ಹಿಡಿದ ಬಾವುಟ. ನಮ್ಮ ನಾಡಿಗೆ ಇದು ಹಳೆಯ ಪಾಠ. ಉಂಡ ಜೋಳದ ಋಣಕ್ಕೆ ಪ್ರಾಣ ತೆರುವ ಜೋಳವಾಳಿಯೂ, ಒಡೆಯನ ಜೊತೆಗೇ ಸಾಯುತ್ತೇನೆಂದು ಮೊದಲೇ ಮಾತು ಕೊಡುವ ವೇಳೆವಾಳಿಯೂ ಶಾಸನಗಳ ಕಾಲದಿಂದ ಇವೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದಲ್ಲಿ ಕುವರ ಲಕ್ಷ್ಮನ ಕಂಬವಿದೆ. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಈ ದಂಡನಾಯಕ ಹೆಂಡತಿಯೊಡನೆ, ಸಾವಿರ ಭಟರೊಡನೆ ಪ್ರಾಣಬಿಟ್ಟ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಆ ಕಂಬದ ಮೇಲೆ ಕೆತ್ತಿದ್ದಾರೆ. ಅದರೆದುರು ನಿಂತರೆ ಮೈ ನವಿರೇಳುತ್ತದೆ.

ಆದರೂ ಉಪ್ಪಿನ ಋಣವೊಂದೇ ಸಾಲದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದರೋಡೆಕೋರರ ಗುಂಪಿನಲ್ಲೂ ನಿಷ್ಠೆ ಇರುತ್ತದೆ, ಧೈರ್ಯ ಇರುತ್ತದೆ, ಶಿಸ್ತೂ ಇರುತ್ತದೆ. ಇಲ್ಲದಿದ್ದರೆ ಆ ಗುಂಪು ಒಂದು ವಾರ ಉಳಿಯದು. ನಮ್ಮಲ್ಲಿ ತಾಳಮದ್ದಲೆಗೆ ಕರ್ಣನ ಪ್ರಸಂಗ ಇಟ್ಟರೆ ಜನ ಬೆಳಗಿನ ತನಕ ಏಳುವುದಿಲ್ಲ. ಕೃಷ್ಣನೇ ಬಂದು ಹುಟ್ಟಿನ ಗುಟ್ಟು ಹೇಳಿ, ರಾಜ್ಯ ನಿನ್ನದೇ ಎಂದರೂ ಕರ್ಣ ಅನ್ನ ಹಾಕಿದವನನ್ನು ಬಿಟ್ಟು ಬರುವುದಿಲ್ಲ. ಆ ಪದ್ಯಕ್ಕೆ ಭಾಗವತರು ದನಿ ಎಳೆದಾಗ ನನಗೂ ಕಣ್ಣು ತುಂಬಿದೆ. ಆದರೆ ಇದೇ ಕರ್ಣ ದ್ಯೂತಸಭೆಯಲ್ಲಿದ್ದ. ಮುಡಿ ಹಿಡಿದು ಎಳೆತಂದ ಹೆಣ್ಣು ಸಭೆಯನ್ನು ಧರ್ಮ ಕೇಳುತ್ತ ನಿಂತಾಗ ಆತ ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ, ಅವಳ ವಿರುದ್ಧವೇ ಮಾತಾಡಿದ. ಆ ಗಳಿಗೆಯಲ್ಲಿ ಅವನ ನಿಷ್ಠೆಗೆ ಯಾವ ಕುಂದೂ ಇರಲಿಲ್ಲ, ಧೈರ್ಯಕ್ಕೂ ಇರಲಿಲ್ಲ. ಅವೆಲ್ಲ ಇದ್ದೂ ಒಬ್ಬ ವೀರ ಅಷ್ಟು ಕೆಳಗೆ ಇಳಿಯಬಲ್ಲ ಎಂದಾದರೆ ಅವುಗಳ ಬುಡದಲ್ಲಿ ಇನ್ನೊಂದು ಇರಲೇಬೇಕು.

ಆ ಇನ್ನೊಂದನ್ನು ನಾನು ಹೀಗೆ ಕಂಡುಕೊಂಡಿದ್ದೇನೆ: ತಿರುಗಿ ಹೊಡೆಯಲಾರದ ಮನುಷ್ಯ ಕೈಗೆ ಸಿಕ್ಕಾಗ ಸೈನಿಕ ಅವನನ್ನು ಏನು ಮಾಡುತ್ತಾನೆ? ಶರಣು ಬಂದವನು, ಗಾಯವಾಗಿ ಬಿದ್ದವನು, ಸೆರೆಸಿಕ್ಕವನು, ಗಡಿಯಂಚಿನ ಹೊಲದವನು, ಅವನ ಹೆಂಡತಿ ಮಕ್ಕಳು. ಇವರೆದುರು ಸರಿಯಾಗಿ ನಿಂತವನ ಧೈರ್ಯಕ್ಕೆ ಮಾತ್ರ ಬೆಲೆ. ನಮ್ಮ ಮಲೆನಾಡಿನ ವೀರಗಲ್ಲುಗಳು ಹೇಳುವುದೂ ಬಹುಪಾಲು ಇದನ್ನೇ. ತುರುಗೊಳ್, ಪೆಣ್ಬುಯ್ಯಲ್, ಊರಳಿವು: ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಲು, ಹೆಂಗಸರ ಮೇಲೆ ಕೈಮಾಡಿದವರನ್ನು ತಡೆಯಲು, ಊರು ಹಾಳಾಗದಂತೆ ಕಾಯಲು ಹೋಗಿ ಸತ್ತವರ ಕಲ್ಲುಗಳು ಎಷ್ಟೋ ಇವೆ. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ, ಅದರ ಮೇಲೆ ಕೈಲಾಸ. ನಾನು ಹೆಚ್ಚು ಹೊತ್ತು ನೋಡುವುದು ಕೆಳಗಿನ ಪಟ್ಟಿಕೆಯನ್ನು. ಆತ ಯಾರ ಮುಂದೆ ಅಡ್ಡ ನಿಂತಿದ್ದ ಎಂಬುದು ಅಲ್ಲಿದೆ.

ಇದಕ್ಕೆ ನಮ್ಮ ನೆಲದಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ನಡೆದದ್ದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ. 1689ರ ಮಾರ್ಚ್‌ನಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ರಾಯಗಡಕ್ಕೆ ಮುತ್ತಿಗೆ ಬಿತ್ತು. ಶಿವಾಜಿಯ ಕಿರಿಯ ಮಗ ರಾಜಾರಾಮ, ಇನ್ನೂ ಹತ್ತೊಂಬತ್ತರ ಹುಡುಗ, ತಪ್ಪಿಸಿಕೊಂಡು ದಕ್ಷಿಣದ ಜಿಂಜಿಗೆ ಹೊರಟ. ಲಿಂಗಾಯತ ಯಾತ್ರಿಕರ ವೇಷ ಹಾಕಿಕೊಂಡು ಹೊರಟರೆಂದು ಇತಿಹಾಸಕಾರರು ಬರೆದಿದ್ದಾರೆ. ಬೆನ್ನ ಹಿಂದೆ ಮೊಗಲರ ಸೈನ್ಯ. ದಾರಿಯಲ್ಲಿ ಸಿಕ್ಕಿದ್ದು ಕೆಳದಿಯ ರಾಜ್ಯ. ಆಗ ಬಿದನೂರಿನಲ್ಲಿ, ಅಂದರೆ ಇಂದಿನ ಹೊಸನಗರ ತಾಲೂಕಿನ ನಗರದಲ್ಲಿ, ಆಳುತ್ತಿದ್ದವಳು ಗಂಡ ಸೋಮಶೇಖರ ನಾಯಕ ಕೊಲೆಯಾದ ಮೇಲೆ ಪಟ್ಟಕ್ಕೆ ಬಂದ ಚೆನ್ನಮ್ಮ.

ಈ ಕಥೆ ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕಥೆಯ ತೂಕ ಅದರಲ್ಲೇ ಇದೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸ್ರೂರನ್ನು ಲೂಟಿ ಮಾಡಿದ್ದ. ಕುಂದಾಪುರದ ಪಕ್ಕದ ಬಸ್ರೂರು ಕೆಳದಿಯವರದೇ ಬಂದರು. ಘಟ್ಟದ ಮೇಲಿನ ಅಕ್ಕಿ, ಮೆಣಸು ಹೊರದೇಶಕ್ಕೆ ಹೋಗುತ್ತಿದ್ದ ಬಾಗಿಲು. ಬಾಗಿಲಿಗೆ ಬಂದು ನಿಂತ ಈ ಹುಡುಗ ಆ ಶಿವಾಜಿಯ ಮಗ. ನಂಟಸ್ತಿಕೆ ಇರಲಿಲ್ಲ, ಉಪ್ಪಿನ ಋಣ ಇರಲಿಲ್ಲ. ತೀರಿಸಿಕೊಳ್ಳಬಹುದಾದ ಹಗೆ ಮಾತ್ರ ಇತ್ತು. ಹಿಡಿದುಕೊಟ್ಟಿದ್ದರೆ ದಿಲ್ಲಿಯ ಬಾದಶಹನ ಸ್ನೇಹ ಸಿಗುತ್ತಿತ್ತು. ಮಂತ್ರಿಗಳು ಅದನ್ನೇ ಹೇಳಿದರೆಂದು ನಮ್ಮ ಪರಂಪರೆಯ ಕಥನ. ಚೆನ್ನಮ್ಮ ಕೇಳಲಿಲ್ಲ. ಶರಣು ಬಂದವನನ್ನು ಕಾಯುವುದು ಪಟ್ಟದ ಧರ್ಮ ಎಂದು ನಿಂತಳು. ರಾಜಾರಾಮ ತನ್ನ ಸೀಮೆ ದಾಟಿ ಹೋಗುವಂತೆ ಮಾಡಿದಳು. ಆ ವರ್ಷ ಮುಗಿಯುವುದರೊಳಗೆ ಆತ ಜಿಂಜಿ ಸೇರಿದ.

ಔರಂಗಜೇಬನ ದಂಡು ಜಾನ್ ನಿಸಾರ್ ಖಾನನ ಕೈಕೆಳಗೆ ಕೆಳದಿಯ ಮೇಲೆ ಬಂತು. ಚೆನ್ನಮ್ಮ ತೀರ್ಥಹಳ್ಳಿ ಕಡೆಯ ಭುವನಗಿರಿ ದುರ್ಗಕ್ಕೆ, ನಾವು ಕವಲೇದುರ್ಗ ಎನ್ನುವ ಕೋಟೆಗೆ, ನೆಲೆ ಬದಲಿಸಿದಳು. ಮರಾಠರ ಸಂತಾಜಿ ಘೋರ್ಪಡೆಯೂ ಬಂದು ಮೊಗಲರನ್ನು ಕಾಡಿದ. ಕೊನೆಗೆ ಸಂಧಿಯಾಯಿತು. ಕೆಳದಿ ದಂಡದ ಹಣ ತೆತ್ತಿತೆಂದು ಮೊಗಲರ ಕಡೆಯ ಬರಹ. ಬಾದಶಹನ ಸೈನ್ಯ ಹಿಮ್ಮೆಟ್ಟಿತೆಂದು ನಮ್ಮವರ ಹೆಮ್ಮೆ. ಎರಡರ ನಡುವೆ ಎಲ್ಲಿ ಗೆರೆ ಎಳೆದರೂ ಒಂದಂತೂ ನಿಲ್ಲುತ್ತದೆ: ಹುಡುಗನನ್ನು ಹಿಡಿದುಕೊಡಲಿಲ್ಲ.

ಚೆನ್ನಮ್ಮನ ಪ್ರತಿಮೆಗಳನ್ನು ನಾವು ನಿಲ್ಲಿಸಿದ್ದೇವೆ, ನಿಲ್ಲಿಸಬೇಕಾದ್ದೇ. ಆದರೆ ಸೈನಿಕನಾಗಿ ದುಡಿದವನಿಗೆ ಕಣ್ಣ ಮುಂದೆ ಬರುವುದು ಆ ಕೋಟೆಯ ಬಾಗಿಲುಗಳಲ್ಲಿ, ಘಟ್ಟದ ಕಣಿವೆಗಳಲ್ಲಿ ನಿಂತವರು. ಹಳೆಪೈಕರೆಂದು ಹೆಸರಾದ ದೀವರು, ಒಕ್ಕಲಿಗರು, ಬೇಡರು, ಲಿಂಗವಂತರು. ಅವರು ರಾಜಾರಾಮನ ಮುಖವನ್ನೂ ನೋಡಿರಲಿಕ್ಕಿಲ್ಲ. ಬಸ್ರೂರಿನಲ್ಲಿ ಮನೆ ಕಳೆದುಕೊಂಡವರ ನಂಟರೂ ಅವರೊಳಗೆ ಇದ್ದಿರಬಹುದು. ಮಾತು ಕೊಟ್ಟವಳು ರಾಣಿ, ಆ ಮಾತಿಗೆ ನೆತ್ತರು ಕೊಟ್ಟವರು ಇವರು. ಹುಡುಗ ಕೇಳಿದ್ದೂ ಇದನ್ನೇ: ಹಾಗಾದರೆ ಮೌಲ್ಯ ಯಾರದ್ದು?

ಇದಕ್ಕಿಂತ ಕಠಿಣವಾದ ಕಥೆ ಕೆಳದಿಯ ಬುಡದಲ್ಲೇ ಇದೆ. 1500ರ ಆಸುಪಾಸಿನಲ್ಲಿ ಚೌಡಪ್ಪ ಮತ್ತು ಭದ್ರಪ್ಪ ಎಂಬ ಅಣ್ಣತಮ್ಮಂದಿರಿಗೆ ಹೊಲದಲ್ಲಿ ನಿಧಿ ತೋರಿತಂತೆ, ಅದು ನರಬಲಿ ಬೇಡಿತಂತೆ. ಮನೆಯ ಆಳುಗಳಾದ ಯಾದವ ಮತ್ತು ಮುರಾರಿ ನಾವು ಸಿದ್ಧ ಎಂದರು. ನಮ್ಮ ಹೆಸರು ಮಾತ್ರ ನಿಮ್ಮ ಬಿರುದಿನಲ್ಲಿ ಉಳಿಯಲಿ ಎಂದು ಕೇಳಿಕೊಂಡರು. ಕೆಳದಿಯ ನಾಯಕರು ಕೊನೆಯ ತನಕ ‘ಎಡವ ಮುರಾರಿ’ ಎಂಬ ಬಿರುದನ್ನು ಹೊತ್ತರು. ಲಿಂಗಣ್ಣ ಕವಿಯ ಕೆಳದಿನೃಪವಿಜಯದಲ್ಲಿ ಈ ಕಥೆ ಬರುತ್ತದೆ. ಇದನ್ನು ನಿಷ್ಠೆಯ ಪರಮಾವಧಿ ಎಂದು ಭಾಷಣಗಳಲ್ಲಿ ಹೊಗಳುವುದನ್ನು ಕೇಳಿದ್ದೇನೆ. ನನಗೆ ಅಷ್ಟು ಸಲೀಸಾಗಿ ಹೊಗಳಲು ಬಾಯಿ ಬರುವುದಿಲ್ಲ. ಒಡೆಯನ ಮನೆಯ ಆಳಿಗೆ ಒಲ್ಲೆ ಎನ್ನುವ ದಾರಿ ಇತ್ತೇ? ಒಲ್ಲೆ ಎನ್ನಲಾಗದವನು ಕೊಟ್ಟ ಪ್ರಾಣವನ್ನು ತ್ಯಾಗ ಎಂದು ಕರೆದು ನಾವು ಸಮಾಧಾನ ಪಟ್ಟುಕೊಳ್ಳುತ್ತಿದ್ದೇವೆಯೇ? ಅವರಿಬ್ಬರು ನೆಲ ಕೇಳಲಿಲ್ಲ, ಹಣ ಕೇಳಲಿಲ್ಲ, ಹೆಸರು ಕೇಳಿದರು. ನಾವೂ ಇದ್ದೆವು ಎಂದು ಒಡೆಯ ಪ್ರತಿಸಲ ಬಿರುದು ಹೇಳಿಸಿಕೊಳ್ಳುವಾಗಲೂ ನೆನಪಾಗಬೇಕು ಎಂದು ಕೇಳಿದ ಹಾಗಿದೆ. ಅದು ಹೊಗಳಿಕೆಯ ಬೇಡಿಕೆಗಿಂತ ಲೆಕ್ಕ ಇಡುವ ಬೇಡಿಕೆ ಎಂದೇ ನನಗೆ ಅನ್ನಿಸುವುದು.

ಇಂದಿನ ಸೈನಿಕನಿಗೆ ಯಾದವ ಮುರಾರಿಯರಿಗೆ ಇಲ್ಲದ ಒಂದು ಆಸರೆ ಇದೆ. 1950ರ ಸೇನಾ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಮೇಲಿನವರ ಕಾನೂನುಬದ್ಧ ಆಜ್ಞೆ ಮೀರಿದವನಿಗೆ. ಆ ಒಂದು ವಿಶೇಷಣವನ್ನು ಹುಡುಗರು ಗಮನಿಸುವುದೇ ಇಲ್ಲ. ನಾನು ಗಮನಿಸುವಂತೆ ಮಾಡುತ್ತೇನೆ. ಸೆರೆಸಿಕ್ಕವನನ್ನು ಕೊಲ್ಲು ಎನ್ನುವುದು ಆಜ್ಞೆಯಲ್ಲ. ಜಿನೀವಾ ಒಪ್ಪಂದಗಳನ್ನು ನಮ್ಮ ದೇಶ 1950ರಲ್ಲೇ ಒಪ್ಪಿದೆ, 1960ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿದೆ. ಅಂದರೆ ಹೇಳಿದ್ದನ್ನು ಮಾಡುವವನೇ, ಹೇಳಿದ್ದು ಸರಿಯೇ ಎಂದು ನೋಡುವ ಹೊಣೆಯನ್ನೂ ಹೊತ್ತಿದ್ದಾನೆ. ಗುಂಡು ಹಾರುವ ಹೊತ್ತಿನಲ್ಲಿ ಇದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಅದಕ್ಕೇ ಮೊದಲೇ ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು.

ಹುಡುಗನ ತಾಯಿಯ ಪ್ರಶ್ನೆ ಬೇರೆ ಇತ್ತು. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು, “ಅಣ್ಣಯ್ಯ, ದಯೆ ಇಲ್ಲದ್ದು ಧರ್ಮವೇ ಅಲ್ಲ ಅಂತ ದಿನಾ ಹೇಳೋ ಮನೆ ನಮ್ದು. ಲಿಂಗ ಕಟ್ಟಿದ ಕೈಯಲ್ಲಿ ಬಂದೂಕು ಹಿಡೀಬಹುದಾ?” ಎಂದು ಕೇಳಿದಳು. ಹಿಡಿಯಬಹುದು ಎಂದು ಹೇಳಿಬಿಡುವುದು ಸುಲಭ. ಕೆಳದಿಯ ನಾಯಕರು ಲಿಂಗವಂತರೇ, ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕತ್ತಿ ಹಿಡಿದವರೇ. ಆದರೆ ಅವರು ಹಿಡಿದರು ಎಂಬುದು ಅವಳಿಗೆ ಉತ್ತರವಾಗುವುದಿಲ್ಲ.

ನಮ್ಮಲ್ಲಿ ಪಂಚಾಚಾರ ಎಂದು ಐದು ಹೇಳುತ್ತಾರೆ. ಲಿಂಗಾಚಾರ, ಸದಾಚಾರ, ಶಿವಾಚಾರಗಳ ಜೊತೆಗೆ ಕೊನೆಯಲ್ಲಿ ಬರುವವು ಗಣಾಚಾರ ಮತ್ತು ಭೃತ್ಯಾಚಾರ. ಕಣ್ಣೆದುರು ಅನ್ಯಾಯ, ನಿಂದೆ ನಡೆಯುವಾಗ ಸಹಿಸಿಕೊಂಡು ಕೂರಬೇಡ, ಎದ್ದು ನಿಲ್ಲು ಎನ್ನುವುದು ಗಣಾಚಾರ. ಎಲ್ಲರಿಗಿಂತ ನಾನು ಮೇಲಲ್ಲ, ಎಲ್ಲರಿಗೂ ನಾನು ಆಳು ಎಂದು ಬಾಗಿ ನಡೆ ಎನ್ನುವುದು ಭೃತ್ಯಾಚಾರ. ಮೊದಲನೆಯದರ ಮಾತು ಬಂದಾಗಲೆಲ್ಲ ತರುಣರ ಎದೆ ಉಬ್ಬುತ್ತದೆ. ಎರಡನೆಯದನ್ನು ಕೇಳುವವರು ಕಡಿಮೆ. ಎದ್ದು ನಿಲ್ಲುವವನೊಳಗೆ ಬಾಗುವವನು ಇಲ್ಲದಿದ್ದರೆ ಕೈಯಲ್ಲಿರುವ ಆಯುಧ ತನ್ನದು, ಗೆದ್ದ ಊರು ತನ್ನದು, ಎದುರು ಬಿದ್ದವನ ಪ್ರಾಣವೂ ತನ್ನದು ಅನ್ನಿಸತೊಡಗುತ್ತದೆ. ಲೂಟಿ ಶುರುವಾಗುವುದು ಅಲ್ಲಿಂದ.

ಇಕ್ಕೇರಿಯ ಅಘೋರೇಶ್ವರನ ಗುಡಿಗೆ ಆ ತಾಯಿಯನ್ನೂ ಮಗನನ್ನೂ ಕರೆದುಕೊಂಡು ಹೋದೆ. ಅಲ್ಲಿ ದೇವರ ಎದುರಿನ ನೆಲದಲ್ಲಿ ಕೆಳದಿಯ ಮೂವರು ನಾಯಕರ ಚಿತ್ರ ಕೆತ್ತಿದೆ. ಅಡ್ಡಬಿದ್ದಿದ್ದಾರೆ. ತಲೆಯ ಮೇಲೆ ಹೆಸರು ಬರೆದಿದೆ. ಒಬ್ಬನ ಕೈಕಾಲಿಗೆ ಸಂಕೋಲೆ. ಬೇರೆ ಕಡೆ ಅರಸರು ಆನೆಯ ಮೇಲೆ, ಸಿಂಹಾಸನದ ಮೇಲೆ ಕಾಣಿಸಿಕೊಳ್ಳುತ್ತಾರೆ. ಇಲ್ಲಿ ಕತ್ತಿ ಹಿಡಿದ ಮನೆತನ ತನ್ನನ್ನು ಭಕ್ತರ ಕಾಲಡಿಗೆ ಬರೆಸಿಕೊಂಡಿದೆ. ಭೃತ್ಯಾಚಾರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕಲ್ಲು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ಗುಡಿಯ ನಡುಗಂಬಗಳ ಅಂತರ ಇಕ್ಕೇರಿ ಸೀಮೆಯ ತೋಟದ ಜಮೀನಿಗೆ ಅಳತೆಯಾಗಿತ್ತು. 18 ಅಡಿ 6 ಅಂಗುಲದ ಆ ಕೋಲು ಒಂದು ಮರಕ್ಕೆ ಬಿಡಬೇಕಾದ ಜಾಗ, ಒಂದು ದಾಯ, ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಕಂದಾಯದ ಅಧಿಕಾರಿ ತನಗೆ ಬೇಕಾದಂತೆ ಕೋಲನ್ನು ಉದ್ದ ಗಿಡ್ಡ ಮಾಡುವಂತಿಲ್ಲ. ಅನುಮಾನ ಬಂದ ರೈತ ಗುಡಿಗೆ ಬಂದು ಕಂಬದಿಂದ ಕಂಬಕ್ಕೆ ಹಿಡಿದು ನೋಡಬಹುದು. ಸೈನಿಕನ ಮೌಲ್ಯವೂ ಆ ಕಂಬಗಳ ನಡುವಿನ ಅಂತರದ ಹಾಗೆ ಅವನ ಸಿಟ್ಟಿಗೆ, ಅವನ ಹೆದರಿಕೆಗೆ, ಅವನ ಮೇಲಿನವನ ಅವಸರಕ್ಕೆ ಸಿಗದ ಜಾಗದಲ್ಲಿ ನೆಟ್ಟಿರಬೇಕು. ಕೊಲ್ಲಬೇಕಾಗಿ ಬಂದರೂ ಬರಬಹುದು ಎಂದು ಆ ತಾಯಿಗೆ ನೇರವಾಗಿಯೇ ಹೇಳಿದೆ. ಅದು ಪಾವನವಾಗುತ್ತದೆ ಎಂದು ಹೇಳಲಿಲ್ಲ. ಯಾವ ಮೌಲ್ಯವೂ ಆ ಭಾರವನ್ನು ಇಳಿಸುವುದಿಲ್ಲ. ಎಷ್ಟಕ್ಕೆ ನಿಲ್ಲಿಸಬೇಕು ಎಂದು ಮಾತ್ರ ತೋರಿಸುತ್ತದೆ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ, ಅದು ಹೈದರನಗರವಾಯಿತು. ಅವನು ತೀರಿಕೊಂಡ ಬೆನ್ನಿಗೇ, 1783ರ ಆರಂಭದಲ್ಲಿ, ಬಾಂಬೆ ಸೇನೆಯ ಜನರಲ್ ಮ್ಯಾಥ್ಯೂಸ್ ಘಟ್ಟ ಹತ್ತಿ ಬಂದ. ನಗರದ ಕೋಟೆಯನ್ನು ಕಾಯಬೇಕಾದ ಅಯಾಜ್ ಖಾನ್ ಹೋರಾಟವಿಲ್ಲದೆ ಒಪ್ಪಿಸಿಬಿಟ್ಟ. ಸಾಗರ ತಾಲೂಕಿನ ನಮ್ಮ ಆನಂದಪುರದ ಕೋಟೆಯನ್ನು ಮ್ಯಾಥ್ಯೂಸನ ಪಡೆ ಹತ್ತಿ ಹಿಡಿದಾಗ ನಡೆದ ಕೊಲೆಯ ಸುದ್ದಿ ಲಂಡನ್ನಿನಲ್ಲಿ ಅಚ್ಚಾಯಿತು. ಹೆಂಗಸರನ್ನು ಕೊಂದದ್ದು ಸುಳ್ಳೆಂದು ಬಾಂಬೆಯ ಅಧಿಕಾರಿಗಳು ಆಮೇಲೆ ಪ್ರತಿಭಟಿಸಿದರು. ನಗರದ ಖಜಾನೆಯ ಹಂಚಿಕೆಗೆ ಸೇನಾಧಿಕಾರಿಗಳ ನಡುವೆಯೇ ಜಗಳ ಹತ್ತಿತು. ಕೆಲವೇ ತಿಂಗಳಲ್ಲಿ ಟಿಪ್ಪು ದೊಡ್ಡ ಸೈನ್ಯದೊಡನೆ ಬಂದು ಮುತ್ತಿದ. ಖಜಾನೆ ಬಿಟ್ಟುಕೊಟ್ಟು ಕರಾವಳಿಗೆ ಹೋಗಿ ಎಂಬ ಕರಾರಿಗೆ ಮ್ಯಾಥ್ಯೂಸ್ ಒಪ್ಪಿದ. ಒಳಗೆ ಬಂದು ನೋಡಿದರೆ ಖಜಾನೆ ಖಾಲಿ. ವರಹಗಳು ಹೊರಟವರ ಮೈಮೇಲೆ, ಗಂಟುಮೂಟೆಗಳಲ್ಲಿ ಸಿಕ್ಕಿದವು. ಕರಾರು ಮುರಿದಿರಿ ಎಂದು ಟಿಪ್ಪು ಅವರನ್ನೆಲ್ಲ ಸೆರೆಗೆ ಹಾಕಿದ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ, ಸೆರೆಯಾದ ಸಾಮಾನ್ಯ ಸಿಪಾಯಿಗಳು ಪಟ್ಟ ಪಾಡು ಹೇಳತೀರದು. ಅವರಲ್ಲಿ ಬಹಳಷ್ಟು ಜನ ಒಂದು ವರಹವನ್ನೂ ಮುಟ್ಟಿರಲಿಲ್ಲ. ಎರಡೂ ಕಡೆಯವರ ಧೈರ್ಯಕ್ಕೆ ಕೊರತೆ ಇರಲಿಲ್ಲ. ಮೇಲಿನವನ ಆಸೆಯ ಸಾಲವನ್ನು ಕೆಳಗಿನವನು ತೀರಿಸುವುದನ್ನು ಕಾಣಬೇಕಾದರೆ ನಗರದ ಕೋಟೆಗೆ ಹೋಗಿ ನಿಲ್ಲಬೇಕು.

ನಮ್ಮದೇ ರಾಜ್ಯದ ಇನ್ನೊಬ್ಬ ಸೈನಿಕನನ್ನು ಇಲ್ಲಿ ನೆನೆಯುತ್ತೇನೆ. ಕೊಡಗಿನ ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾಕ್ಕೆ ಹೋದದ್ದು ಯುದ್ಧ ಮಾಡಲು ಅಲ್ಲ. ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು, ಯಾರ ಬಲವಂತವೂ ಇಲ್ಲದೆ ಅವರೇ ತೀರ್ಮಾನ ಮಾಡುವ ತನಕ ಕಾಯುವ ಆಯೋಗಕ್ಕೆ ಅವರು ಅಧ್ಯಕ್ಷರು. ಕೈದಿಗಳು ದಂಗೆ ಎದ್ದರು, ಎರಡೂ ಬಣದ ದೊಡ್ಡ ದೇಶಗಳು ಬೈದವು. ಭಾರತದ ಕಾವಲು ಪಡೆಯ ಜವಾನರು ಗೊತ್ತಿಲ್ಲದ ಭಾಷೆಯ, ಗೊತ್ತಿಲ್ಲದ ದೇಶದ ಮನುಷ್ಯರಿಗೆ ಆ ಚಳಿಯಲ್ಲಿ ಕಾವಲು ನಿಂತರು. ಗೆದ್ದ ಊರಿನ ಹೆಸರು ಬಾವುಟಕ್ಕೆ ಸೇರುವುದಿಲ್ಲ ಎನ್ನುವ ಕಾರಣಕ್ಕೆ ಇಂಥದ್ದನ್ನು ನಾವು ಮರೆಯುತ್ತೇವೆ. ಕವಲೇದುರ್ಗದಲ್ಲಿ ನಿಂತವರೂ ಇದೇ ಕೆಲಸ ಮಾಡಿದವರು.

ನನ್ನ ಪಾಲಿಗೆ ಬಂದ ಕೆಲಸ ನೆಲಬಾಂಬಿನದು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೈನ್ಯದ ದೊಡ್ಡ ಭಾಗ ಪಶ್ಚಿಮದ ಗಡಿಗೆ ಹೋಯಿತು. ಆಪರೇಷನ್ ಪರಾಕ್ರಮ. ರಾಜಸ್ಥಾನ, ಪಂಜಾಬ್, ಜಮ್ಮುವಿನ ಗಡಿಯುದ್ದಕ್ಕೂ ಸ್ಯಾಪರ್‌ಗಳು ಮೈನ್ ಹೂತೆವು. ಸಾಸಿವೆ ಬೆಳೆಯುವ ಹೊಲ, ಸಜ್ಜೆ ಬೆಳೆಯುವ ಹೊಲ, ಕುರಿ ಮೇಯುವ ಮರಳುದಿಬ್ಬ. ಹೂಳುವ ಕೆಲಸ ರಾತ್ರಿಗಳಲ್ಲಿ ಮುಗಿಯುತ್ತದೆ. 2002ರ ಕೊನೆಗೆ ಸೈನ್ಯ ಹಿಂದೆ ಸರಿಯುವ ಆಜ್ಞೆ ಬಂದ ಮೇಲೆ ತೆಗೆಯುವ ಕೆಲಸ ತಿಂಗಳುಗಟ್ಟಲೆ ಹಿಡಿಯಿತು, ನಮ್ಮವರ ಕೈಕಾಲುಗಳನ್ನೂ ಪ್ರಾಣವನ್ನೂ ತೆಗೆದುಕೊಂಡಿತು.

ಮೈನ್ ಎನ್ನುವುದಕ್ಕೆ ಶತ್ರು ಯಾರು, ಹುಲ್ಲು ಕೊಯ್ಯಲು ಬಂದ ಹೆಂಗಸು ಯಾರು ಎಂದು ತಿಳಿಯುವುದಿಲ್ಲ. ಹೂತವನು ಮನೆಗೆ ಹೋದ ಮೇಲೂ ಅದು ಕಾದಿರುತ್ತದೆ. ಇದನ್ನು ಹೂಳುವ ಕೈಗೆ ಉಳಿಯುವ ಒಂದೇ ಒಂದು ಸತ್ಯ ಅದರ ದಾಖಲೆ. ನೆಲದಲ್ಲಿ ಅಲುಗಾಡದ ಒಂದು ಗುರುತು ಹಿಡಿದು, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ, ಎಷ್ಟು ಸಾಲು, ಸಾಲಿಗೆ ಎಷ್ಟು ಎಂದು ನಕ್ಷೆ ಬರೆಯಬೇಕು. ನೆಲಬಾಂಬು ಬೇಡವೇ ಬೇಡ ಎನ್ನುವ 1997ರ ಒಟ್ಟಾವ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ. ಆದರೆ ಹೂತ ಜಾಗಕ್ಕೆ ಬೇಲಿ, ಗುರುತು, ದಾಖಲೆ ಇರಲೇಬೇಕು ಎನ್ನುವ ಅಂತಾರಾಷ್ಟ್ರೀಯ ನಿಯಮಾವಳಿಯನ್ನು ಒಪ್ಪಿದೆ. ಕೊರೆಯುವ ಚಳಿಯ ಕತ್ತಲಲ್ಲಿ, ಬೆರಳು ಮರಗಟ್ಟಿರುವಾಗ, ಬೇಗ ಮುಗಿಸಿ ಎಂಬ ಒತ್ತಡದ ನಡುವೆ, ಒಬ್ಬ ನಾಯಕ್ ಇಲ್ಲವೇ ಹವಾಲ್ದಾರ್ ಆ ಸಂಖ್ಯೆಯನ್ನು ಸರಿಯಾಗಿ ಬರೆಯುತ್ತಾನೆ ಅಥವಾ ಅಂದಾಜಿನಲ್ಲಿ ಬರೆಯುತ್ತಾನೆ. ನೋಡುವವರು ಯಾರೂ ಇಲ್ಲ. ಪದಕವೂ ಇಲ್ಲ. ವರ್ಷ ಕಳೆದ ಮೇಲೆ ತೆಗೆಯಲು ಬರುವ ಇನ್ನೊಬ್ಬ ಸ್ಯಾಪರ್, ಅವನ ಹಿಂದೆ ನೇಗಿಲು ಹಿಡಿದು ಬರುವ ರೈತ, ಇವರಿಬ್ಬರ ಪ್ರಾಣ ಆ ಒಂದು ಅಂಕಿಯಲ್ಲಿದೆ. ನನ್ನನ್ನು ಕೇಳಿದರೆ ಸೈನಿಕನ ಶೀಲದ ಪರೀಕ್ಷೆ ನಡೆಯುವುದು ಅಲ್ಲಿ.

ರಾಜಸ್ಥಾನದಲ್ಲಿ ಒಂದು ಹೊಲ ತೆಗೆಯುವಾಗ ದಾಖಲೆಯ ಪ್ರಕಾರ ಒಂದು ಮೈನ್ ಕಡಿಮೆ ಬಂತು. ಹೂತವರು ಬೇರೆ ಕಂಪನಿಯವರು. ಅವರ ನಕ್ಷೆ ಅಲ್ಲಿಯ ತನಕ ಅಂಗುಲವೂ ತಪ್ಪಿರಲಿಲ್ಲ. ಸಣ್ಣ, ಪ್ಲಾಸ್ಟಿಕ್ ಮೈಯ ಮೈನ್, ಒಳಗೆ ಲೋಹ ಇಲ್ಲವೆನ್ನುವಷ್ಟು ಕಡಿಮೆ, ಯಂತ್ರ ಕೂಗುವುದಿಲ್ಲ. ಮರಳು ಗಾಳಿಗೆ ಸರಿಯುತ್ತದೆ, ಅದರೊಡನೆ ಮೈನೂ ಸರಿಯುತ್ತದೆ. ಎಲ್ಲೋ ಸಿಡಿದು ಹೋಗಿರಬೇಕು, ಕಾಡುಹಂದಿ ತುಳಿದಿರಬೇಕು ಎಂದು ಬರೆದು ಮುಗಿಸಬಹುದಿತ್ತು. ನಮ್ಮ ಕಂಪನಿ ಕಮಾಂಡರ್ ಸಹಿ ಹಾಕಲಿಲ್ಲ. ದಾಖಲೆ ಬರೆದವನನ್ನು ನಾನು ನಂಬುತ್ತೇನೆ, ಹುಡುಕಿ ಎಂದರು. ಹೊಟ್ಟೆಯ ಮೇಲೆ ಮಲಗಿ, ಪ್ರಾಡರ್ ಕಡ್ಡಿಯನ್ನು ಓರೆಯಾಗಿ ಚುಚ್ಚುತ್ತ, ಬಿಳಿ ಪಟ್ಟಿಯನ್ನು ಒಂದೊಂದೇ ಮೊಳ ಮುಂದೆ ಸರಿಸುತ್ತ ಮತ್ತೆ ಇಡೀ ಹೊಲ ಹುಡುಕಿದೆವು. ಸಿಕ್ಕಿತು, ಸಾಲಿನಿಂದ ಬಹಳ ಆಚೆ, ಬದುವಿನ ಬುಡದಲ್ಲಿ. ಆಮೇಲೆ ಅವರು ನಮ್ಮೆಲ್ಲರನ್ನೂ ಒಂದು ಸಾಲಿಗೆ ನಿಲ್ಲಿಸಿ, ತಾವು ನಡುವೆ ನಿಂತು, ರೈತ ನೋಡುತ್ತಿದ್ದ ಹಾಗೇ ಹೊಲವನ್ನು ಈ ತುದಿಯಿಂದ ಆ ತುದಿಗೆ ನಡೆಸಿದರು. ಆಮೇಲೆ ಕಾಗದ ಕೊಟ್ಟರು. ಹಾಗೆ ನಡೆದು ತೋರಿಸಬೇಕೆಂದು ಅವರಿಗೆ ಮೇಲಿನಿಂದ ಯಾರೂ ಹೇಳಿರಲಿಲ್ಲ.

ಆ ಹೊಲದ ದಾಖಲೆ ಬರೆದವನು ಯಾರೆಂದು ನನಗೆ ಗೊತ್ತಿಲ್ಲ, ಅವನ ಊರು, ಜಾತಿ, ದೇವರು ಯಾವುದೂ ತಿಳಿಯದು. ನಾನು ಬದುಕಿ ಊರಿಗೆ ಬಂದದ್ದರಲ್ಲಿ ಅವನ ಪಾಲಿದೆ. ಓಡುವ ಹುಡುಗರಿಗೆ ಅವನ ವಿಷಯ ಹೇಳುತ್ತೇನೆ. ಈ ಸಲ ಭರ್ತಿ ಮುಗಿದ ಮೇಲೆ, ಆಯ್ಕೆಯಾದವರನ್ನೂ ಆಗದವರನ್ನೂ ಕವಲೇದುರ್ಗಕ್ಕೆ ಕರೆದುಕೊಂಡು ಹೋಗಿ ಬಸ್ರೂರಿನ ಲೂಟಿಯಿಂದಲೇ ಕಥೆ ಶುರು ಮಾಡಬೇಕೆಂದಿದ್ದೇನೆ. ಬರುವಾಗ ನಗರದ ಕೋಟೆಯಲ್ಲಿ ಇಳಿದು 1783ರದ್ದನ್ನು ಎರಡೂ ಕಡೆಯಿಂದ ಹೇಳಬೇಕು. ಆ ತಾಯಿಯೂ ಬರುತ್ತೇನೆಂದಿದ್ದಾಳೆ. ಸಾಗರದಲ್ಲಿ ಒಂದು ಟೆಂಪೋಗೆ ಹೇಳಿಟ್ಟಿದ್ದೇನೆ.